ಅಕ್ಕ ಬಡಿದು ನೋಡುತ್ತಿದ್ದ ಹಂಡೆ

ದಪ್. ದಪ್. ಆಮೇಲೆ, ಬಹಳ ಹೊತ್ತಾದ ಮೇಲೆ, ಠಣ್.

ಹಳಿಯಾಳದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಈ ಸದ್ದಿನಿಂದ. ಬಚ್ಚಲೊಲೆಯ ಮೇಲಿನ ಹಿತ್ತಾಳೆ ಹಂಡೆಯನ್ನು ಅಕ್ಕ ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದಳು. ಎಲ್ಲರದೂ ಆದ ಮೇಲೆ ಹಿರಿಯ ಮಗಳ ಜಳಕ, ಇದು ನಮ್ಮ ಮನೆಯ ರೂಢಿ. ಅಪ್ಪ, ಅಣ್ಣಂದಿರು, ಸ್ಕೂಲಿಗೆ ಲೇಟಾಗುವ ನಾನು, ಅವ್ವ, ಕಡೆಗೆ ಅವಳು. ದಪ್ ಎಂದರೆ ನೀರಿದೆ, ಯಾರೋ ಇನ್ನೂ ಮಿಂದಿಲ್ಲ. ಠಣ್ ಎಂದರೆ ಹಂಡೆ ತಳ ಕಂಡಿದೆ, ಉಳಿದಷ್ಟು ನೀರಿನಲ್ಲಿ ಇನ್ನು ಅವಳ ಪಾಳಿ. ಕಾನ್ವೆಂಟಿನಲ್ಲಿ ಪ್ರೇಯರ್ ಬೆಲ್ ಠಣ್ ಎಂದಾಗಲೂ, ಅಕ್ಕ ಟವೆಲ್ ಹೆಗಲಿಗೇರಿಸಿ ಬಚ್ಚಲಿಗೆ ಹೊರಟಂತೆ ನನಗೆ ಕಾಣುತ್ತಿತ್ತು.

ಆ ಮನೆ ಕೈಬಿಟ್ಟಾಗ ಹಂಡೆ ನನ್ನ ಪಾಲಿಗೆ ಬಂತು. ದಾಂಡೇಲಿಯ ನನ್ನ ವೆರಾಂಡಾದ ಮೂಲೆಗೆ ಇಟ್ಟೆ. ಹಳೆಯ ಹಿತ್ತಾಳೆಯಲ್ಲಿ ಗಿಡ ಬೆಳೆಸುವುದು ನನ್ನ ವೀಕ್‌ನೆಸ್. ತಂಬಿಗೆಯಲ್ಲಿ ಮನಿ ಪ್ಲಾಂಟ್, ಪರಾತದಲ್ಲಿ ಟೇಬಲ್ ರೋಸ್. ಹಂಡೆಗೆ ಮಾತ್ರ ಫರ್ನ್. ಕಪ್ಪಾದ ಕಂಠದ ಮೇಲೆ ಆ ಹಸಿರು ಬಾಗಿ ಬಿದ್ದರೆ ಬೇರೆ ಡೆಕೊರೇಶನ್ ಬೇಕಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಲಿಲ್ಲ, ಒಲೆಯ ಹೊಗೆ ಕೂತ ಕಲೆ ಹಾಗೇ ಇರಲಿ ಅಂತ. ತಳಕ್ಕೆ ತೂತು ಕೊರೆಸಲೂ ಮನಸ್ಸಾಗಲಿಲ್ಲ. ಕೆಳಗೆ ಜಲ್ಲಿ, ಅದರ ಮೇಲೆ ಇದ್ದಿಲು, ಆಮೇಲೆ ಕಂಠದವರೆಗೆ ಮಣ್ಣು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅಕ್ಕ ನನ್ನಲ್ಲಿ ಇರಲು ಬಂದಳು. ಮುಂಡಗೋಡದಲ್ಲಿ ಅವಳನ್ನು ನೋಡಿಕೊಳ್ಳುವ ಮಗಳಿಗೆ ಕಣ್ಣಿನ ಆಪರೇಷನ್ ಇತ್ತು. ಅಕ್ಕನ ನೆನಪು ಆಗಲೇ ಕಲಸಿಹೋಗಿತ್ತು. ನಾಲಿಗೆ ಮಾತ್ರ ಮೊದಲಿನದೇ.

"ಹಂಡೇದಾಗ ಗಿಡಾ ಹಚ್ಚೀಯಲ್ಲ, ಬಕೀಟಿನ್ಯಾಗ ಸಾರು ಮಾಡ್ತೀ ಏನ, ಇಂಗ್ಲಿಷ್ ಬಾಯಿ?"

"ಅದು ಪ್ಲಾಂಟರ್ ಅಕ್ಕಾ. ಆ್ಯಂಟೀಕ್."

"ಹಂಗಂದ್ರ?"

"ಭಾಳ ಹಳೇದು."

"ಹಂಗಾರ ನನ್ನ ತಲಿ ಮ್ಯಾಲೂ ಒಂದ ಗಿಡಾ ಹಚ್ಚು."

ಇಬ್ಬರೂ ನಕ್ಕೆವು. ಮರುದಿನ ಬೆಳಿಗ್ಗೆ ವೆರಾಂಡಾದಿಂದ ಆ ಸದ್ದು ಬಂತು. ದಪ್. ದಪ್. ಕಾಫಿ ಕೆಳಗಿಟ್ಟು ಹೊರಗೆ ಹೋದೆ.

"ಜಳಕಾ ಮಾಡ್ತೀ ಏನಕ್ಕಾ? ಗೀಸರ್ ಹಾಕೇನಿ."

"ತಡಿ. ಹಂಡೆ ತುಂಬೈತಿ. ದೊಡ್ಡಣ್ಣ ಇನ್ನೂ ಎದ್ದಿಲ್ಲ."

ದೊಡ್ಡಣ್ಣ ಹೋಗಿ ಎಷ್ಟೋ ವರ್ಷಗಳಾದವು. ಅಕ್ಕ ಅವನಿಗೆಂದು ಗ್ರಿಲ್ಲಿನ ಮೇಲೆ ಒಂದು ಟವೆಲ್ ಹಾಕಿದಳು. ಮರುದಿನ ಅಪ್ಪನಿಗೊಂದು, ಆಮೇಲೆ ಅವ್ವನಿಗೊಂದು. ನದಿಯ ಕಡೆಯಿಂದ ಗಾಳಿ ಬಂದರೆ ಅವು ಯಾರೋ ಹೆಗಲು ಹೊರಳಿಸಿದಂತೆ ತಿರುಗುತ್ತಿದ್ದವು. ನಾನ್‌ಸೆನ್ಸ್ ಎಂದುಕೊಳ್ಳುತ್ತಿದ್ದೆ. ಆದರೂ ಆ ಕಡೆ ಬೆನ್ನು ಮಾಡಿ ಕೂರುವುದು ನನ್ನಿಂದಾಗುತ್ತಿರಲಿಲ್ಲ.

ಅಕ್ಕ ಜಳಕ ಮಾಡಲೇ ಇಲ್ಲ. ಬೆವರು ನಿಂತಲ್ಲೆಲ್ಲ ಚರ್ಮ ಕೆಂಪಾಗಿ ಸುಲಿಯಿತು. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಕೈ ತಳ್ಳಿದಳು: "ಅವರದ ಆಗೂಮಟಾ ನಾ ಹೆಂಗ ನೀರ ಮುಟ್ಟಲಿ?" ಹಂಡೆಯ ಪಕ್ಕದಲ್ಲೇ ನಿಂತು ನಿಂತು ಅವಳ ಪಾದ ಬಾತುಕೊಂಡಿತು.

ಆಗ ನನಗೆ ಹೊಳೆಯಿತು. ಮಣ್ಣು ತುಂಬಿದ ಹಂಡೆ ತಳ ಕಾಣುವುದಿಲ್ಲ. ಅವಳ ಪಾಳಿ ಬರುವುದೇ ಇಲ್ಲ.

ಫರ್ನ್ ಕಿತ್ತೆ. ಮಣ್ಣು, ಇದ್ದಿಲು, ಜಲ್ಲಿ ಎಲ್ಲ ತೆಗೆದು ಒಳಗೆ ಬಟ್ಟೆಯಿಂದ ಒರೆಸಿದೆ. ಅಕ್ಕ ಟವೆಲ್ ಹಿಡಿದು ನೋಡುತ್ತಿದ್ದಳು. ಬಗ್ಗಿ ಬಡಿದಳು.

ಠಣ್.

ಗ್ರಿಲ್ಲಿನ ಮೇಲಿನ ಟವೆಲ್ಲುಗಳು ಒಮ್ಮೆಗೇ ಸುಮ್ಮನಾದವು. ಗಾಳಿ ನಿಂತಿರಬೇಕು.

"ಎಲ್ಲಾರದೂ ಆತು," ಎಂದು ಅವುಗಳನ್ನು ಒಂದೊಂದಾಗಿ ಮಡಚಿದಳು. ನನ್ನ ಕಡೆ ತಿರುಗಿ, "ನಿಂದು?"

"ನಂದೂ ಆಗೈತಿ ಅಕ್ಕಾ." ಆಗಿರಲಿಲ್ಲ.

ಅವಳು ಬಹಳ ಹೊತ್ತು ಮಿಂದಳು. ನಾನೇ ಬೆನ್ನು ತಿಕ್ಕಿದೆ.

ಹಂಡೆಗೆ ನಾನು ಮತ್ತೆ ಮಣ್ಣು ಹಾಕಿಲ್ಲ. ಫರ್ನ್ ಈಗ ಪ್ಲಾಸ್ಟಿಕ್ ಕುಂಡದಲ್ಲಿದೆ, ಅಷ್ಟು ಚೆಂದ ಕಾಣುವುದಿಲ್ಲ.

ಅಕ್ಕನನ್ನು ಕಡೆಯ ಸಲ ನೋಡಿದ್ದು ಜಳಕವಾದ ಆ ದಿನವೇ ಮಧ್ಯಾಹ್ನ, ಕಣ್ಣು ವಾಸಿಯಾದ ಅವಳ ಮಗಳು ಕಾರು ತಂದು ಕರೆದೊಯ್ದಾಗ. ಒದ್ದೆ ಕೂದಲನ್ನು ಹೆಗಲ ಮೇಲೆ ಬಿಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಕಾರು ಹೊರಟಾಗ ಕೈ ಬೀಸಲಿಲ್ಲ. ಕಿಟಕಿಯಿಂದ ಕೈ ಹೊರಹಾಕಿ ಕಾರಿನ ಬಾಗಿಲ ತಗಡನ್ನು ಗೆಣ್ಣಿನಲ್ಲಿ ಬಡಿದು, ಕಿವಿಯಿಟ್ಟು ಕೇಳಿಸಿಕೊಳ್ಳುತ್ತಿದ್ದಳು.