ಆಂಪ್ ಚೆನ್ನಾಗಿಲ್ಲ ಸಾರ್, ತಗೋಬೇಡಿ

ಮಾರಾಟಕ್ಕಿಟ್ಟ ಸಾಮಾನನ್ನು ತಾನೇ ಬೈಯುವ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಹೋದ ಭಾನುವಾರ ಉತ್ತರಹಳ್ಳಿಯಲ್ಲಿ ಕಂಡೆ. ಹೆಸರು ರಾಜಣ್ಣ. "ಆಂಪ್ ಚೆನ್ನಾಗಿಲ್ಲ ಸಾರ್, ತಗೋಬೇಡಿ" ಎನ್ನುವುದೇ ಅವರು ಆಡಿದ ಮೊದಲ ಮಾತು. ಕೂತ್ಕೊಳ್ಳಿ ಅಂದದ್ದು ಆಮೇಲೆ.

ಐವತ್ತು ದಾಟಿದ ಮೇಲೆ ಜನ ಸಾಮಾನ್ಯವಾಗಿ ವಾಕಿಂಗ್ ಶುರು ಮಾಡುತ್ತಾರೆ. ನಾನು ಎಲೆಕ್ಟ್ರಿಕ್ ಗಿಟಾರ್ ಕೊಂಡೆ. ಆಂಪ್ಲಿಫೈಯರ್ ಇಲ್ಲದಿದ್ದರೆ ಅದಕ್ಕೆ ಸೊಳ್ಳೆಯಷ್ಟೂ ದನಿ ಇಲ್ಲ ಎಂದು ಗೊತ್ತಾದದ್ದು ಮನೆಗೆ ತಂದ ಮೇಲೆ. ಪಕ್ಕದ ಮನೆಯ ಕುಕ್ಕರ್ ಕೂಗಿದರೆ ನನ್ನ ಸಂಗೀತ ನನಗೇ ಕೇಳಿಸುವುದಿಲ್ಲ. (ನನ್ನ ಹೆಂಡತಿಯ ಪ್ರಕಾರ ಅದು ಆ ಗಿಟಾರಿನ ದೊಡ್ಡ ಗುಣ.) ಸರಿ, ಒಂದು ಕಾಂಬೊ ಆಂಪ್ ಬೇಕಾಯಿತು. ಹೋಟೆಲಿನ ಕಾಂಬೊ ಅಲ್ಲ. ದನಿ ಹಿಗ್ಗಿಸುವ ಯಂತ್ರ ಮತ್ತು ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ ಇರುವಂಥದ್ದು.

ಆಂಪ್ ಆರಿಸುವುದು ಹೇಗೆಂದು ತಿಳಿಯಲು ರಾಶಿ ವಿಡಿಯೋ ನೋಡಿದೆ. ಒಬ್ಬರು ಸೌಂಡ್ ವಾರ್ಮ್ ಇರಬೇಕು ಅಂದರು. ಇನ್ನೊಬ್ಬರು ಕ್ರೀಮಿ ಅಂದರು. ಮತ್ತೊಬ್ಬರಿಗೆ ಕ್ರಂಚ್ ಬೇಕಂತೆ. ಇವರೆಲ್ಲ ಕೊಳ್ಳುವುದು ಆಂಪನ್ನೋ, ಬೇಕರಿಯ ಪಫ್ಫನ್ನೋ? ನನಗೆ ಅರ್ಥವಾದ ಪಾಠ ಒಂದೇ. ಮೊದಲು ಎಲ್ಲ ಗುಂಡಿಗಳನ್ನೂ ಮಧ್ಯಕ್ಕೆ ತಿರುಗಿಸಿಟ್ಟು ಆಮೇಲೆ ಕೇಳಬೇಕು.

ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಜಾಹೀರಾತೊಂದು ಸಿಕ್ಕಿತು. ಫೋನ್ ಎತ್ತಿದ್ದು ಒಬ್ಬ ಹೆಂಗಸು. "ಭಾನುವಾರ ಬನ್ನಿ ಸಾರ್. ಬರುವಾಗ್ಲೇ ಆಟೋ ಮಾಡ್ಕೊಂಡು ಬನ್ನಿ, ಎತ್ಕೊಂಡು ಹೋಗೋಕೆ ಸರಿಹೋಗುತ್ತೆ" ಅಂದರು. ಇಷ್ಟು ಆತುರದವರ ಹತ್ತಿರ ಕೊಳ್ಳುವುದು ಸುಲಭ ಅಂದುಕೊಂಡು, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕತ್ರಿಗುಪ್ಪೆಯಿಂದ ಆಟೋ ಹತ್ತಿದೆ.

ಫೋನಿನಲ್ಲಿ ಮಾತಾಡಿದ್ದು ಮಂಜುಳಮ್ಮ, ರಾಜಣ್ಣನವರ ಹೆಂಡತಿ. ರಾಜಣ್ಣನ ತಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ಕಟ್ಟಡ ಎದ್ದಿದೆ. ಕೆಳಗೆ ಇವರು, ಮೇಲೆ ಬಾಡಿಗೆಯವರು. ಪ್ರಾಯದಲ್ಲಿ ರಾಜಣ್ಣ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಗಣೇಶನ ಪೆಂಡಾಲುಗಳಲ್ಲಿ ಅವರಿಗೆ ಬಿಡುವೇ ಇರಲಿಲ್ಲವಂತೆ. ಆರ್ಕೆಸ್ಟ್ರಾ ಮುಚ್ಚಿತು, ಆಂಪ್ ಮನೆಯಲ್ಲಿ ಉಳಿಯಿತು. ದಿನಾ ಸಂಜೆ ರೂಮಿನ ಬಾಗಿಲು ಹಾಕಿಕೊಂಡು ಒಬ್ಬರೇ ನುಡಿಸುತ್ತಾರೆ. ಈಗ ಮೇಲಿನ ಮನೆಗೆ ಕೂಸು ಬಂದಿದೆ, ಅದು ಮಲಗುವುದಿಲ್ಲ ಎಂಬ ದೂರೂ ಬಂದಿದೆ. ಅದಕ್ಕೇ ಮಂಜುಳಮ್ಮ ಜಾಹೀರಾತು ಹಾಕಿದ್ದರು.

ನಾನು ಆಂಪಿಗೆ ಗಿಟಾರಿನ ವೈರು ಚುಚ್ಚಿದೆ. ರಾಜಣ್ಣ ತಾವೇ ಗುಂಡಿಗಳನ್ನು ತಿರುಗಿಸಿಕೊಟ್ಟರು. ತಂತಿ ಮೀಟಿದರೆ, ಸ್ಟೀಲ್ ತಟ್ಟೆಯನ್ನು ಚಮಚದಲ್ಲಿ ಕೆರೆದ ಹಾಗಾಯಿತು.

"ನೋಡಿದ್ರಾ? ಸ್ಪೀಕರ್ ಹೋಗಿದೆ ಅನ್ಸುತ್ತೆ" ಅಂದರು. ದನಿಯಲ್ಲಿ ದುಃಖವೇನೂ ಇರಲಿಲ್ಲ.

ಬಗ್ಗಿ ನೋಡಿದೆ. ಕೀಚಲು ದನಿಯ ಟ್ರೆಬಲ್ ಪೂರ್ತಿ ಮೇಲೆ, ತಗ್ಗು ದನಿಯ ಬಾಸ್ ಸೊನ್ನೆ. ವಿಡಿಯೋ ಪಾಠದಂತೆ ಎಲ್ಲವನ್ನೂ ಮಧ್ಯಕ್ಕೆ ತಂದು ಮತ್ತೆ ಮೀಟಿದೆ. ತುಂಬಿದ ಕೊಡ ತಟ್ಟಿದಂಥ ಗುಂಡಗಿನ ದನಿ. ರಾಜಣ್ಣನ ಮುಖ ಸಪ್ಪಗಾಯಿತು.

"ಹಿಂದೆ ಗುಂಯ್ ಅಂತಿದೆ, ಕೇಳಿಸ್ತಾ? ರಿಪೇರಿ ಆಗದ ಕಾಯಿಲೆ ಸಾರ್ ಅದು."

"ಅದು ಫ್ರಿಜ್ ಕಣ್ರೀ" ಎಂದು ಅಡುಗೆಮನೆಯಿಂದ ದನಿ ಬಂತು.

ರಾಜಣ್ಣ ಸೋಲಲಿಲ್ಲ. "ವೆಯ್ಟ್ ಜಾಸ್ತಿ. ನಿಮ್ಮ ಮನೆ ಎಷ್ಟನೇ ಫ್ಲೋರು?"

"ಮೂರನೇದು. ಲಿಫ್ಟ್ ಇಲ್ಲ."

"ಹಂಗಾದ್ರೆ ಬೇಡವೇ ಬೇಡ. ಬೆನ್ನು ಹೋದ್ರೆ ಯಾವ ಸೌಂಡ್ ತಗೊಂಡು ಏನ್ ಮಾಡ್ತೀರ?"

ಅಷ್ಟರಲ್ಲಿ ಮಂಜುಳಮ್ಮ ಕಾಫಿ ತಂದರು. "ಇವ್ರ ಮಾತು ಕೇಳ್ಬೇಡಿ. ಪೂರ್ತಿ ಒಂದು ಹಾಡು ಬಾರಿಸಿ ನೋಡಿ, ಆಗ ಗೊತ್ತಾಗುತ್ತೆ."

ನನಗೆ ಬರುವುದೇ ಒಂದು ಹಾಡು. ದಸರೆಯಿಂದ ಅದನ್ನೇ ತಿಕ್ಕುತ್ತಿದ್ದೇನೆ. ಶುರು ಮಾಡಿದೆ.

ಓದುಗರೇ, ಆಂಪ್ ನಿಜಕ್ಕೂ ಒಳ್ಳೆಯದಿತ್ತು. ಏನನ್ನೂ ಬಚ್ಚಿಡಲಿಲ್ಲ. ಬೆರಳು ಜಾರಿದ್ದು, ತಂತಿ ಸರಿಯಾಗಿ ಒತ್ತದೆ ಬಿಟ್ಟದ್ದು, ತಾಳ ತಪ್ಪಿ ಓಡಿದ್ದು, ಎಲ್ಲವೂ ಗೋಡೆಯಿಂದ ಗೋಡೆಗೆ ಮೊಳಗಿತು. ಅದರಲ್ಲಿ ರಿವರ್ಬ್ ಎಂಬ, ದನಿ ಮಾರ್ದನಿಸುವಂತೆ ಮಾಡುವ ಗುಂಡಿಯೂ ಇತ್ತು. ಅದರ ಕೃಪೆಯಿಂದ ಒಂದೊಂದು ತಪ್ಪೂ ಹೋದಂತೆ ಮಾಡಿ ವಾಪಸ್ ಬರುತ್ತಿತ್ತು. ಇಷ್ಟು ತಿಂಗಳು ನಾನು ಇದನ್ನೇ ನುಡಿಸುತ್ತಿದ್ದೆನೇ?

ಮೇಲೆ ಕೂಸು ಅಳತೊಡಗಿತು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಮಗುವನ್ನು ಹೆಗಲಿಗೆ ಹಾಕಿಕೊಂಡ ಬಾಡಿಗೆಮನೆಯ ಹುಡುಗಿ ಗಾಬರಿಯಿಂದ ಬಾಗಿಲಲ್ಲಿ ನಿಂತಳು.

"ಏನಾಯ್ತು ಅಂಕಲ್? ಕೈಗೇನಾದ್ರೂ ಪೆಟ್ಟಾಯ್ತಾ?"

ಕೇಳಿದ್ದು ರಾಜಣ್ಣನನ್ನು. ಗಿಟಾರ್ ನನ್ನ ಕೊರಳಲ್ಲಿತ್ತು. ಅವಳಿಗೆ ಅರ್ಥವಾಯಿತು, ಸಾರಿ ಅಂದಳು. (ಯಾರಿಗೆ ಅಂದಳೋ, ಕೇಳುವ ಧೈರ್ಯವಾಗಲಿಲ್ಲ.)

"ಕೊಡಿ ಸಾರ್ ಇಲ್ಲಿ" ಎಂದು ರಾಜಣ್ಣ ಗಿಟಾರ್ ತೆಗೆದುಕೊಂಡರು. ವಾಲ್ಯೂಮ್ ಇಳಿಸಿ, ಅದೇ ಹಾಡನ್ನು ನಿಧಾನವಾಗಿ ಎತ್ತಿಕೊಂಡರು. ಚರಣಕ್ಕೆ ಬರುವ ಹೊತ್ತಿಗೆ ನಾನು ಕೈಯಲ್ಲಿದ್ದ ಕಾಫಿ ಮರೆತಿದ್ದೆ. ಕೂಸು ಅಳು ನಿಲ್ಲಿಸಲಿಲ್ಲ, ಆದರೆ ಅದರ ತಾಯಿ ಮೇಲೆ ಹೋಗಲೂ ಇಲ್ಲ.

ಮಂಜುಳಮ್ಮ ಟ್ರೇ ಹಿಡಿದು ನಿಂತೇ ಇದ್ದರು. "ಇಷ್ಟು ವರ್ಷ ಬಾಗಿಲಾಚೆಯಿಂದ ಕೇಳಿದೀನಿ. ಇವ್ರು ಚೆನ್ನಾಗಿ ಬಾರಿಸ್ತಾರೆ ಅಂತ ಗೊತ್ತೇ ಇರ್ಲಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಬೇರೆ ಯಾರಾದ್ರೂ ಬಾರಿಸೋದು ಕೇಳಿದ್ರೆ ತಾನೇ ಗೊತ್ತಾಗೋದು. ಸಾರ್, ತಪ್ಪು ತಿಳ್ಕೋಬೇಡಿ, ಆಂಪ್ ಕೊಡಲ್ಲ."

ರಾಜಣ್ಣ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. ಮಗು ಮಲಗುವ ಹೊತ್ತನ್ನು ಮೇಲಿನಿಂದ ಫೋನ್ ಮಾಡಿ ತಿಳಿಸುವುದು, ಆಗ ಆಂಪ್ ಆಫ್ ಮಾಡುವುದು ಎಂದು ಅಲ್ಲೇ ಒಪ್ಪಂದವಾಯಿತು. ಗೇಟಿನವರೆಗೆ ಬಂದ ರಾಜಣ್ಣ, "ಭಾನುವಾರ ಬರ್ತಿರಿ ಸಾರ್, ಬೆರಳು ಎಲ್ಲಿಡೋದು ಅಂತ ತೋರಿಸ್ತೀನಿ" ಅಂದರು. ಈಗ ಅವರಷ್ಟು ಹೃದಯವಂತರು ಉತ್ತರಹಳ್ಳಿಯಲ್ಲೇ ಇರಲಿಲ್ಲ.

ಬರಿಗೈಯಲ್ಲಿ ಮನೆಗೆ ಬಂದೆ. "ಆಂಪ್ ಹೇಗಿತ್ತು?" ಎಂದಳು ಹೆಂಡತಿ. ತುಂಬಾ ಚೆನ್ನಾಗಿತ್ತು ಅಂದೆ. ಹಾಗಾದರೆ ಬೇರೆ ಕಡೆ ಅಂಥದ್ದೇ ಒಂದು ಹುಡುಕಬಹುದಲ್ಲ ಅಂದಳು.

ಹುಡುಕಬಹುದು. ಆದರೆ ನಾವು ಹೇಗಿದ್ದೇವೋ ಹಾಗೇ ಕೇಳಿಸುವ ಪೆಟ್ಟಿಗೆಯನ್ನು ಮನೆಯೊಳಗೆ ಇಟ್ಟುಕೊಳ್ಳುವ ಧೈರ್ಯ ನಿಮಗಿದೆಯೇ?