ತಾಯಿಯನ್ನು ಹೊತ್ತವರಿಗೆ ಮಾತ್ರ ಮರಿ

ಆಸ್ಟ್ರೇಲಿಯಾದ ಇಂಗಮ್ ಕಡೆಯ ಸಕ್ಕರೆ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಡಲ್ಸಿ ಟ್ರೆಲೋರ್ ಇಪ್ಪತ್ತಾರು ಹಂಗಾಮು ದುಡಿದಳು. ಕಬ್ಬು ನುರಿಸುವ ಆರು ತಿಂಗಳು ಬೆಳಗಿನ ನಾಲ್ಕಕ್ಕೆ ಎದ್ದು, ಮುನ್ನೂರು ಜನಕ್ಕೆ ಮೊಟ್ಟೆ ಒಡೆದು, ಮಾಂಸದ ಪೈಗಳನ್ನು ಒಲೆಗಿಟ್ಟು, ಸಿಮೆಂಟ್ ನೆಲದ ಮೇಲೆ ನಿಂತೇ ಇರುತ್ತಿದ್ದಳು. ಅವಳ ಎರಡು ಮೊಣಕಾಲೂ ಕೆಟ್ಟದ್ದು ಆ ನೆಲದ ಮೇಲೆ. ಐವತ್ತೊಂಬತ್ತಕ್ಕೆ ಏಪ್ರನ್ ಕಳಚಿಟ್ಟು, ಇನ್ನು ಹಾವೇ ನನ್ನ ಅನ್ನ ಎಂದು ಮನೆಗೆ ಬಂದಳು.

ಹಾವು ಅವಳಾಗಿ ಹುಡುಕಿಕೊಂಡು ಹೋದದ್ದಲ್ಲ. ಗಂಡ ಕ್ಲೆಮ್‌ನ ಗೆಳೆಯನೊಬ್ಬ ದಕ್ಷಿಣಕ್ಕೆ ಮನೆ ಬದಲಾಯಿಸುವಾಗ, "ಒಂದೇ ವಾರ ಇಟ್ಕೊಳ್ಳಿ" ಎಂದು ತನ್ನ ಆಲಿವ್ ಜಾತಿಯ ಹೆಬ್ಬಾವನ್ನು ಬಿಟ್ಟುಹೋದ. ಆಮೇಲೆ ಅವನು ಫೋನನ್ನೂ ಎತ್ತಲಿಲ್ಲ. ಜೇನಿನ ಬಣ್ಣದ ಮೈ, ಕೆನೆ ಬಣ್ಣದ ಹೊಟ್ಟೆ, ಬಿಡಿಸಿದರೆ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ. ಹೆಸರು ಡಚೆಸ್. ಕ್ಲೆಮ್ ನಲವತ್ತು ವರ್ಷ ಕಬ್ಬಿನ ರೈಲು ಓಡಿಸಿದವನು, ಹಳಿಯ ಮೇಲೆ ಹಾವು ಬಿದ್ದಿದ್ದರೆ ರೈಲು ನಿಲ್ಲಿಸಿ ಅದು ದಾಟುವತನಕ ಕಾಯುತ್ತಿದ್ದ. ಆದರೆ ಮುಟ್ಟುವುದು ಅವನಿಂದ ಆಗದು. "ನೀನಿದ್ದೀಯ, ಅದಿದೆ. ನಾನ್ ನಡುವೆ ಬರಲ್ಲ" ಎಂದುಬಿಟ್ಟ.

ಡಲ್ಸಿ ಹಾವು ಸಾಕುವ ಪರವಾನಗಿ ಮಾಡಿಸಿದಳು. ಟೌನ್ಸ್‌ವಿಲ್‌ನಿಂದ ಗಂಡು ಹೆಬ್ಬಾವೊಂದನ್ನು ತಂದಳು. ಚಳಿಗಾಲದಲ್ಲಿ ಜೊತೆಗೆ ಬಿಟ್ಟದ್ದಕ್ಕೆ ಅಕ್ಟೋಬರಿನಲ್ಲಿ ಹದಿನಾಲ್ಕು ಮೊಟ್ಟೆ. ಕೆಟ್ಟುಹೋದ ಫ್ರಿಜ್ಜೊಂದಕ್ಕೆ ಬೆಚ್ಚಗೆ ಮಾಡುವ ತಂತಿ ಎಳೆದು ಮೊಟ್ಟೆ ಇಟ್ಟಳು, ಹೊಸ ವರ್ಷ ಹುಟ್ಟಿದ ಮೇಲೆ ಹದಿನಾಲ್ಕೂ ಒಡೆದವು. ಪ್ರತಿ ಮರಿಗೂ ನಾನೂರು ಡಾಲರ್. ಐದು ಸಲ ತಾನಾಗಿ ಇಲಿ ನುಂಗದ ಮರಿಯನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ, ಹಾಗಾಗಿ ಡಲ್ಸಿಯ ಮರಿ ಎಂದರೆ ಜನ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು. ಕೊಡುವಾಗ ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದಳು: "ದೊಡ್ಡದಾಗಿ ಸಾಕೋಕಾಗ್ಲಿಲ್ಲ ಅಂದ್ರೆ ಎಲ್ಲೂ ಬಿಡ್ಬೇಡಿ, ನನ್ ಹತ್ರ ತಂದ್ಬಿಡಿ."

ಮೊಟ್ಟೆಯಿಟ್ಟ ತಾಯಿ ತಿಂಗಳುಗಟ್ಟಲೆ ಉಪವಾಸವಿದ್ದು ಮೈತೂಕದಲ್ಲಿ ಮೂರರಲ್ಲಿ ಒಂದು ಪಾಲು ಇಳಿದುಹೋಗುತ್ತದೆ. ಅದಕ್ಕೇ ವರ್ಷ ಬಿಟ್ಟು ವರ್ಷ ಮರಿ. ಎರಡನೆಯ ಸಲದ ಹದಿನೈದೂ ಒಂದೇ ತಿಂಗಳಲ್ಲಿ ಹೋದಾಗಲೇ ಡಲ್ಸಿ ಕ್ಯಾಂಟೀನು ಬಿಟ್ಟದ್ದು. ಕೊನೆಯ ದಿನ ಹುಡುಗಿಯರು ಕೇಕು ಕತ್ತರಿಸಿ, "ನಮ್ಗೂ ಒಂದ್ ಹಾವ್ ಕೊಡಿಸೇ, ನಾವೂ ಕೂತ್ಕೊಂಡ್ ತಿಂತೀವಿ" ಎಂದು ನಕ್ಕಿದ್ದರು.

ಮೂರನೆಯ ಸಲದ ಮರಿಗಳು ಮಾರಾಟಕ್ಕೆ ಬರುವ ಹೊತ್ತಿಗೆ, ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಟ್ರೆಂಟ್ ಬೊನೆಟ್ಟಿಯ ವ್ಯಾನು ಅಂಗಳಕ್ಕೆ ಬಂತು. ಮೊದಲ ಸಲದ ಮರಿ ಕೊಂಡ ಎಲೆಕ್ಟ್ರಿಷಿಯನ್ ಹುಡುಗ. ಅಂದು ಅದನ್ನು ಬೆರಳಿಗೆ ಉಂಗುರದ ಹಾಗೆ ಸುತ್ತಿಕೊಂಡು ನಗುತ್ತಾ ಹೋಗಿದ್ದ. ಈಗ ಅವನೂ ಅವನ ತಮ್ಮನೂ ಸೇರಿ ಒಂದು ದೊಡ್ಡ ಪೆಟ್ಟಿಗೆ ಇಳಿಸಿದರು.

"ಮಿಸೆಸ್ ಟ್ರೆಲೋರ್, ತಪ್ಪು ತಿಳ್ಕೋಬೇಡಿ. ಮನೇಲಿ ಮಗು ಆಗೋದಿದೆ. ನನ್ ಹೆಂಡ್ತಿ, ಅದಿರ್ಬೇಕು ಇಲ್ಲಾ ನಾನಿರ್ಬೇಕು ಅಂತಾಳೆ."

"ನೀನು ಸರಿಯಾಗೇ ಆರಿಸ್ಕೊಂಡಿದ್ದೀಯ ಬಿಡು" ಎಂದ ಕ್ಲೆಮ್, ದೂರದಿಂದಲೇ.

"ನೀವೇ ಹೇಳಿದ್ರಲ್ಲ, ತಂದ್ಬಿಡು ಅಂತ..."

"ಹೇಳಿದ್ದೆ. ಇಳಿಸು" ಎಂದಳು ಡಲ್ಸಿ.

ಒಬ್ಬ ತಂದ ಸುದ್ದಿ ಇನ್ನೊಬ್ಬನಿಗೆ ದಾರಿಯಾಯಿತು. ಒಬ್ಬಳು ಬಾಡಿಗೆ ಮನೆಯವಳು, ಒಬ್ಬನಿಗೆ ವಿಚ್ಛೇದನ, ಒಬ್ಬನಿಗೆ ಸುಮ್ಮನೆ ಬೇಸರ. ಎರಡು ವರ್ಷದಲ್ಲಿ ಏಳು ಹೆಬ್ಬಾವು ವಾಪಸು ಬಂದವು. ಬೆಳೆದ ಹಾವನ್ನು ದುಡ್ಡಿಲ್ಲದೆ ಕೊಡುತ್ತೇನೆಂದರೂ ಯಾರಿಗೂ ಬೇಡ. ಒಂದೊಂದಕ್ಕೂ ಬೇರೆ ಪೆಟ್ಟಿಗೆ, ಬೇರೆ ದೀಪ. ದೊಡ್ಡವಕ್ಕೆ ಇಲಿ ಸಾಲದು, ಮೊಲ ಬೇಕು. ಕ್ಲೆಮ್‌ನ ದೋಣಿ ಶೆಡ್ಡಿನಿಂದ ಹೊರಬಿದ್ದು ಮಾವಿನ ಮರದ ಕೆಳಗೆ ನಿಂತಿತು. ಅದರ ಮೇಲೆ ಹಣ್ಣು ಉದುರುತ್ತಿದ್ದವು. ಐಸ್‌ಕ್ರೀಮಿನ ಪಕ್ಕದಲ್ಲಿ, ಫ್ರೀಜರಿನೊಳಗೆ, ಸತ್ತ ಮೊಲ ಇಡಬೇಡವೆಂದು ಅವನು ಹೇಳಿ ಹೇಳಿ ಸೋತು, ಐಸ್‌ಕ್ರೀಮು ತಿನ್ನುವುದನ್ನೇ ಬಿಟ್ಟ.

ವಾಪಸು ಬಂದ ಹಾವುಗಳನ್ನು ನೋಡುತ್ತಾ ಡಲ್ಸಿಗೆ ಹೊಳೆಯಿತು: ಇವರೆಲ್ಲ ಕೊಂಡದ್ದು ಉಂಗುರವನ್ನು, ಹಾವನ್ನಲ್ಲ. ಅಂದಿನಿಂದ ಒಂದು ಕಟ್ಟಳೆ ಮಾಡಿದಳು. ಮರಿ ಬೇಕೆಂದು ಬಂದವರು ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಆಮೇಲೆ ಡಚೆಸಳನ್ನು ಹೆಗಲಿಗೆ ಹಾಕಿಕೊಂಡು ಶೆಡ್ಡಿನ ಬಾಗಿಲಿನಿಂದ ಮಾವಿನ ಮರದವರೆಗೆ ಹೋಗಿ ಬರಬೇಕು. ಹೊತ್ತವರಿಗೆ ಮರಿ, ಹೊರದವರಿಗೆ ಚಹ.

ಹೆಚ್ಚಿನವರು ಚಹ ಕುಡಿದು ಹೋದರು. ಆಸ್ಪತ್ರೆಯ ನರ್ಸ್ ಲಿಯೋನಿ ಹೊತ್ತಳು, ಮರಿ ಒಯ್ದಳು, ಇಂದಿಗೂ ಅದರ ಫೋಟೋ ಕಳಿಸುತ್ತಾಳೆ. ಆಮೇಲೆ ಬಂದ ಬಾಕ್ಸರ್ ಒಬ್ಬ ಅರ್ಧ ದಾರಿಯಲ್ಲಿ, "ಇದು ನನ್ನನ್ನ ಅಳತೆ ಮಾಡ್ತಿದೆ, ತೆಗೀರಿ, ತೆಗೀರಿ!" ಎಂದು ಕೂಗಿದ. ಹೀಗಾಗಿ ನಾಲ್ಕನೆಯ ಸಲದ ಹದಿಮೂರು ಮರಿ ಹೋಗಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟು ದಿನ ಅವು ತಿಂದವಲ್ಲ, ಲಾಭ ಅವುಗಳ ಹೊಟ್ಟೆಗೇ ಹೋಯಿತು. ಆದರೆ ಆ ಹದಿಮೂರರಲ್ಲಿ ಒಂದೂ ವಾಪಸು ಬರಲಿಲ್ಲ.

ಈ ವರ್ಷ ಹನ್ನೆರಡು ಮರಿ. ಮೇ ಮುಗಿಯುತ್ತಾ ಬಂದರೂ ಹೋದದ್ದು ಒಂದೇ. ಆಗ ಕ್ಯಾಂಟೀನಿನ ಮೇಲ್ವಿಚಾರಕಿ ಫೋನು ಮಾಡಿದಳು: "ಡಲ್ಸಿ, ಜೂನಿಗೆ ಯಂತ್ರ ಶುರು. ನಂಗೆ ಕೈ ಸಾಲ್ತಿಲ್ಲ ಕಣೇ. ಬರ್ತೀಯೋ ಇಲ್ವೋ, ಶುಕ್ರವಾರದೊಳಗೆ ಹೇಳು." ಡಲ್ಸಿ ಬೀರುವಿನಿಂದ ಏಪ್ರನ್ ತೆಗೆದು ನೋಡಿ, ಮತ್ತೆ ಮಡಚಿಟ್ಟಳು. ಮೊಣಕಾಲನ್ನು ಸವರಿಕೊಂಡಳು.

ಗುರುವಾರ ಬೆಳಿಗ್ಗೆ ಗ್ಯಾವಿನ್ ಓಡ್ಜರ್ಸ್ ಎಂಬವನು ಬ್ರಿಸ್ಬೇನಿನಿಂದ ಬಂದ. ದೊಡ್ಡ ಗಾಡಿ, ಹಿಂದೆ ಮರಿಗಳಿಗೆಂದೇ ಮಾಡಿಸಿದ ಡಬ್ಬಿಗಳು. ಊರೂರಿನ ಸರೀಸೃಪ ಮೇಳಗಳಲ್ಲಿ ಮಾರುವವನು.

"ಹನ್ನೊಂದನ್ನೂ ಕೊಡಿ. ನಾನೂರಕ್ಕೆ ನಾನೂರು, ಚೌಕಾಸಿ ಇಲ್ಲ. ಇನ್ನೂ ಎರಡು ಹೆಣ್ಣು ಮೊಟ್ಟೆಗೆ ಬಿಡಿ, ವರ್ಷಾವರ್ಷ ಬಂದು ನಾನೇ ಒಯ್ತೀನಿ. ನೀವು ಮನೆ ಬಿಟ್ಟು ಕದಲೋದೇ ಬೇಡ."

ವಾಪಸು ಬಂದವುಗಳಲ್ಲಿ ಮೂರು ಹೆಣ್ಣಿದ್ದವು. ವರ್ಷಾವರ್ಷ ಎಂದರೆ ಕ್ಯಾಂಟೀನಿನ ಹಂಗೇ ಇಲ್ಲ. ಆದರೂ ಡಲ್ಸಿ, "ಮೊದ್ಲು ಕೈ ತೊಳ್ಕೊಳ್ಳಿ" ಎಂದಳು.

ಓಡ್ಜರ್ಸ್ ನಗುತ್ತಾ ತೊಳೆದ. ಡಚೆಸಳ ತಲೆಯ ಹಿಂದೆ ಒಂದು ಕೈ, ನಡುವಿಗೆ ಒಂದು ಕೈ ಕೊಟ್ಟು, ಮಗುವನ್ನು ಎತ್ತಿದಷ್ಟು ಸಲೀಸಾಗಿ ಎತ್ತಿಕೊಂಡ. ಮಾವಿನ ಮರ ಸುತ್ತಿ ಬಂದ. ಇಷ್ಟು ಚೆನ್ನಾಗಿ ಹೊತ್ತವರನ್ನು ಡಲ್ಸಿ ನೋಡಿರಲಿಲ್ಲ.

"ಪಾಸಾದ್ನಾ?"

"ನೀವು ಪಾಸು. ಮರಿ ಕೊಳ್ಳೋವ್ರು?"

"ಅವರು?"

"ಅವ್ರ ಕೈಲಿ ಹೊರಿಸ್ತೀರಾ? ದೊಡ್ಡದು ಒಂದನ್ನ ನಿಮ್ ಜೊತೆ ಕಳಿಸ್ತೀನಿ. ಬಿಟ್ಟಿ."

ಓಡ್ಜರ್ಸ್ ಬಾಯಿ ತುಂಬ ನಕ್ಕ. "ಅಮ್ಮಾ, ಮೇಳದಲ್ಲಿ ಇಷ್ಟು ದೊಡ್ಡದನ್ನ ಟೇಬಲ್ ಮೇಲಿಟ್ರೆ ಮರಿ ಯಾರು ಕೊಳ್ತಾರೆ? ಚಿಕ್ಕದು ಕಾಣ್ಬೇಕು, ಮುದ್ದಾಗಿ ಕಾಣ್ಬೇಕು. ಆಮೇಲೆ ಅವರುಂಟು, ಹಾವುಂಟು."

"ಆಮೇಲೆ ನಾನುಂಟು" ಎಂದಳು ಡಲ್ಸಿ. "ಮರಿ ಜೊತೆ ಕೊಡೋ ಕಾಗದದಲ್ಲಿ ಸಾಕಿದವಳು ಅಂತ ನನ್ ಹೆಸರಿರತ್ತೆ. ನಾಲ್ಕು ವರ್ಷ ಬಿಟ್ಟು ನಿಮ್ಮ ಮನೆಗಲ್ಲ, ಈ ಅಂಗಳಕ್ಕೇ ಬರ್ತಾರೆ."

"ಬಂದ್ರೆ ಗೇಟ್ ಹಾಕ್ಕೊಳ್ಳಿ."

ಕ್ಲೆಮ್ ಪಕ್ಕಕ್ಕೆ ಕರೆದು ಮೆಲ್ಲಗೆ, "ಕೊಟ್ಬಿಡೇ. ನಿನ್ ಮೊಣಕಾಲು ನೋಡ್ಕೋ. ಗೇಟ್ ಹಾಕೋದು ನನ್ ಕೆಲಸ" ಎಂದ.

ಡಲ್ಸಿ ಶೆಡ್ಡಿನ ಒಳಗೆ ನೋಡಿದಳು. ಟ್ರೆಂಟ್ ತಂದ ಹಾವು ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಂಡು ಬಂದಿತ್ತು, ಆ ಕಲೆ ಇನ್ನೂ ಮಾಸಿರಲಿಲ್ಲ. ಅವನ ಮನೆಯಲ್ಲಿ ಅದಿದ್ದದ್ದು ಮೀನಿನ ತೊಟ್ಟಿಯಲ್ಲಿ.

"ಎರಡು ಕೊಡ್ತೀನಿ, ನಿಮ್ಮನೇಲೇ ಸಾಕೋದಾದ್ರೆ" ಎಂದಳು ಓಡ್ಜರ್ಸ್‌ಗೆ. "ಮಾರೋಕಾದ್ರೆ ಒಂದೂ ಇಲ್ಲ. ಚಹಕ್ಕೆ ಹಾಲು ಹಾಕ್ತೀರಾ?"

ಅವನು ಚಹವನ್ನೂ ಕುಡಿಯಲಿಲ್ಲ. ಗಾಡಿ ಹೋದ ಧೂಳು ಇಳಿಯುವ ಮೊದಲೇ ಡಲ್ಸಿ ಫೋನು ಎತ್ತಿ, "ಸೋಮವಾರ ಎಷ್ಟೊತ್ತಿಗೆ ಬರ್ಲಿ?" ಎಂದು ಕೇಳಿದಳು.

ಆ ಚಳಿಗಾಲದಲ್ಲಿ ಗಂಡು ಹಾವನ್ನು ಡಚೆಸಳ ಜೊತೆ ಬಿಡಲಿಲ್ಲ, ಬೇರೆ ಹೆಣ್ಣುಗಳ ಜೊತೆಗೂ ಇಲ್ಲ. ಮೊಟ್ಟೆಯ ಫ್ರಿಜ್ಜಿಗೆ ಕ್ಲೆಮ್‌ನ ಬಿಯರ್ ಬಂದು ಕೂತಿತು, ತಣ್ಣಗಾಗದಿದ್ದರೂ. ಇದ್ದವನ್ನು ಮಾತ್ರ ನೋಡಿಕೊಳ್ಳಬೇಕಿತ್ತು. ಆದರೆ ದಿನವಿಡೀ ನಿಂತು ಬಂದ ಮೇಲೆ ಒಂಬತ್ತು ದೊಡ್ಡ ಪೆಟ್ಟಿಗೆ ಗುಡಿಸಿ, ನೀರು ಬದಲಿಸಲು ಅವಳ ಕಾಲು ಒಪ್ಪಲಿಲ್ಲ. ಮೊದಲ ವಾರ ಮುಗಿದ ಭಾನುವಾರ ಅವಳು ಪೆಟ್ಟಿಗೆಯ ಮುಂದೆ ಬಗ್ಗಿದವಳು ಏಳಲಾರದೆ ಕೂತದ್ದನ್ನು ಕ್ಲೆಮ್ ಬಾಗಿಲಲ್ಲಿ ನಿಂತು ನೋಡಿದ.

"ನೀರು ಬದಲಿಸೋದೇನು ಮಹಾ. ನಾನ್ ಮಾಡ್ತೀನಿ."

"ಹಾಗೆಲ್ಲ ಕೊಡಕ್ಕಾಗಲ್ಲ" ಎಂದಳು ಡಲ್ಸಿ, ನೆಲದಿಂದಲೇ. "ಕಟ್ಟಳೆ ಗೊತ್ತಲ್ಲ."

"ಏ, ನಾನು ಮನೆಯವ್ನು!"

"ಕೈ ತೊಳ್ಕೋ."

ಕ್ಲೆಮ್ ಎರಡು ಸಲ ಸೋಪು ಹಚ್ಚಿದ. ಡಲ್ಸಿ ಗೋಡೆ ಹಿಡಿದು ಎದ್ದು, ಡಚೆಸಳನ್ನು ಅವನ ಹೆಗಲಿಗೇರಿಸಿದಳು. ಅವನು ಕಣ್ಣು ಮುಚ್ಚಿಕೊಂಡ.

"ಕಣ್ಣು ಬಿಡು, ಮರ ಕಾಣ್ಬೇಕಲ್ಲ."

"ತಣ್ಣಗಿರತ್ತೆ ಅಂದ್ಕೊಂಡಿದ್ದೆ ಕಣೇ. ಬೆಚ್ಚಗಿದೆ."

ಹತ್ತು ವರ್ಷದಲ್ಲಿ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ರೈಲು ಓಡಿಸುವವನ ಹಾಗೆ ನೇರ ಮುಂದೆ ನೋಡುತ್ತಾ ಅಂಗಳ ದಾಟಿದ. ಮಾವಿನ ಮರದ ಹತ್ತಿರ ನಿಂತು, ಹಣ್ಣಿನ ಕಲೆ ಬಿದ್ದ ದೋಣಿಯನ್ನು ಒಮ್ಮೆ ನೋಡಿ, ತಿರುಗಿ ಬಂದ.

"ಮರಿ ಬೇಡ. ದೋಣಿಗೊಂದು ಟಾರ್ಪಾಲು ಕೊಡಿಸು, ಸಾಕು" ಎಂದ.

ಮೊದಲ ಸಂಬಳದಲ್ಲಿ ಡಲ್ಸಿ ಟಾರ್ಪಾಲು ತಂದಳು. ನೀಲಿಯದು.