ಮುಂದೆ ಹೋಗಿ ನೋಡಿ ಬರುವವರು

ಬಾಗಿಲ ಹಿಂದಿನ ಗೂಟದಿಂದ ಛತ್ರಿ ತೆಗೆಯಲು ಹೋದೆ, ಅದರ ಜೊತೆಗೆ ಮಾವನವರ ರೆಕ್ಸಿನ್ ಚೀಲವೂ ಕೆಳಗೆ ಬಿತ್ತು. ಬಿದ್ದದ್ದೇ ತಡ, ಮನೆಯ ತುಂಬ ಫಿನಾಯಿಲ್ ವಾಸನೆ. ಬೇರೆಯವರ ಮನೆಯಲ್ಲಿ ಹಿರಿಯರು ಬಿಟ್ಟುಹೋದ ಚೀಲದಿಂದ ವಿಭೂತಿಯದೋ ನಶ್ಯದ್ದೋ ವಾಸನೆ ಬರುತ್ತದಂತೆ. ನಮ್ಮ ಮಾವನವರು ತೀರಿಕೊಂಡು ಎರಡು ಮಳೆಗಾಲ ಕಳೆದರೂ ಅವರ ನೆನಪು ಬರುವುದು ಹೀಗೆ, ಯಾರೋ ಈಗಷ್ಟೇ ಪಾಯಖಾನೆ ತೊಳೆದು ಹೋದ ಹಾಗೆ.

ಚೀಲದಲ್ಲಿ ಏನಿದೆ ಎಂದು ಕೇಳಬೇಡಿ. ಒಂದು ಟಾರ್ಚು, ಸುತಳಿಯ ಉಂಡೆ, ಮೇಣದ ಬತ್ತಿಯ ತುಂಡು, ಸೊಟ್ಟ ಮೊಳೆಗಳು, ಸಾಬೂನಿನ ಚೂರು, ಮುಚ್ಚಳ ಸಡಿಲಾದ ಪುಟ್ಟ ಫಿನಾಯಿಲ್ ಬಾಟಲಿ. ಎಸೆಯೋಣವೆಂದರೆ ಅತ್ತೆ ಬಿಡುವುದಿಲ್ಲ. ತೊಳೆಯೋಣವೆಂದರೂ ಬಿಡುವುದಿಲ್ಲ. ಬಾಗಿಲು ತೆಗೆದಾಗಲೆಲ್ಲ ಅದು ಗೋಡೆಗೆ ಬಡಿದು ಠಣ್ ಎನ್ನುತ್ತಿರುತ್ತದೆ, ನಾನು ಹಲ್ಲು ಕಚ್ಚುತ್ತಿರುತ್ತೇನೆ.

ಇವತ್ತು ಮಾತ್ರ ಆ ಚೀಲದ ಮೇಲೆ ಎಂದಿಲ್ಲದ ಸಿಟ್ಟು ಬಂತು. ಕಾರಣವಿದೆ. ನಾಳೆ ಅತ್ತೆಯನ್ನು ಮೊಣಕಾಲಿನ ಆಪರೇಷನ್ನಿಗೆ ಸೇರಿಸಬೇಕು. ಪುಣೆಯ ಸದಾಶಿವ ಪೇಠದ ಈ ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅತ್ತೆ ಕೆಳಗಿಳಿದು ಎಷ್ಟೋ ತಿಂಗಳಾಯಿತು. ಇನ್ನೂ ಮುಂದೂಡಿದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಎಲ್ಲ ಗೊತ್ತುಮಾಡಿಕೊಂಡು, ನನ್ನವರು ರಜೆ ಹಾಕಿ ಮುಗಿದ ಮೇಲೆ, ನಿನ್ನೆ ಸಂಜೆ ಚಹಾ ಕುಡಿಯುತ್ತ ಅತ್ತೆ ತಣ್ಣಗೆ ಅಂದರು, "ನಾ ಬರೂದಿಲ್ಲ."

"ಯಾಕ್ರಿ ಅತ್ಯಾರ?"

"ಯಾರೂ ಹೋಗಿ ನೋಡ್ಕೊಂಡು ಬಂದಿಲ್ಲ."

ನನ್ನವರು ಮೊಬೈಲು ಹಿಡಿದು ಓಡಿಬಂದರು. "ಅವ್ವಾ, ಇಲ್ಲಿ ಫೋಟೋ ನೋಡು. ಹೋಟೆಲ್ ಇದ್ದಂಗ ಅದ."

"ಫೋಟೋದಾಗ ಬಚ್ಚಲದ ಹೊಸ್ತಿಲಾ ಕಾಣಸ್ತದೇನು?" ಎಂದು ಅತ್ತೆ ಕಪ್ಪು ಕೆಳಗಿಟ್ಟರು. ಮಾತು ಅಲ್ಲಿಗೆ ಮುಗಿಯಿತು.

ಈ ಹೊಸ್ತಿಲಿನ ಹುಚ್ಚು ಹತ್ತಿಸಿದವರು ಮಾವನವರೇ. ಅವರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಅಲ್ಲೊಂದು ಪದ್ಧತಿ ಇದೆ. ಪಲಟಣ, ಅಂದರೆ ಸೈನ್ಯದ ತುಕಡಿ, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೊರಡುವ ಮೊದಲು ನಾಲ್ಕು ಜನ ಮುಂದೆ ಹೋಗುತ್ತಾರೆ. ನೀರು ಎಲ್ಲಿದೆ, ಡೇರೆ ಎಲ್ಲಿ ಹಾಕಬೇಕು, ಒಲೆ ಎಲ್ಲಿ, ಪಾಯಖಾನೆ ಎಲ್ಲಿ ಎಂದು ನೋಡಿ ಸುದ್ದಿ ಕಳಿಸುತ್ತಾರೆ. ಅದಕ್ಕೆ ಅಡ್ವಾನ್ಸ್ ಪಾರ್ಟಿ ಎಂದು ಹೆಸರು. ನಮ್ಮ ಮಾವನವರದು ವರ್ಷಗಟ್ಟಲೆ ಅದೇ ಕೆಲಸ. ಮೊಮ್ಮಗಳು ಚಿಕ್ಕವಳಿದ್ದಾಗ, "ಅಜ್ಜಾ, ಯುದ್ಧದಾಗ ಏನು ಮಾಡಿದಿ?" ಎಂದು ಕಣ್ಣರಳಿಸಿ ಕೇಳುತ್ತಿದ್ದಳು. "ನೀರು ಹುಡುಕಿದೆ," ಎನ್ನುತ್ತಿದ್ದರು. ಶಾಲೆಯಲ್ಲಿ ಹೇಳಿಕೊಳ್ಳಲು ಒಂದು ಗುಂಡಿನ ಶಬ್ದವಾದರೂ ಸಿಗಲೆಂದು ಆಸೆಪಟ್ಟ ಹುಡುಗಿಗೆ ಪ್ರತಿ ಸಲವೂ ಅದೇ ನೀರು.

ಸೈನ್ಯ ಬಿಟ್ಟ ಮೇಲೆ ಭೋಸರಿಯ ಒಂದು ಕಾರಖಾನೆಯಲ್ಲಿ ಸೆಕ್ಯೂರಿಟಿ ನೋಡಿಕೊಂಡರು. ಅದನ್ನೂ ಬಿಟ್ಟ ಮೇಲೆ ಅವರಿಗೆ ಉಳಿದ ಪಲಟಣವೆಂದರೆ ನಾವೇ. ನಾವು ಎಲ್ಲಿಗೇ ಹೊರಡಲಿ, ಹಿಂದಿನ ದಿನ ಅವರು ಚೀಲ ಹೆಗಲಿಗೆ ಹಾಕಿಕೊಂಡು ಸಿಟಿ ಬಸ್ ಹತ್ತುವುದೇ. ಸಂಜೆ ಬಂದು, ಕೈಕಾಲು ತೊಳೆದು, ಅತ್ತೆಯ ಎದುರು ನೆಟ್ಟಗೆ ಕೂತು ವರದಿ ಒಪ್ಪಿಸುತ್ತಿದ್ದರು. ಮೊದಲು ಕೊರತೆಗಳು, ಆಮೇಲೆ ಸೌಕರ್ಯ. "ಪಾವಟಿಗಿ ಎತ್ತರ ಅದಾವ, ಹತ್ತಲಿಕ್ಕೆ ತ್ರಾಸ. ಹಿಡಿಕೊಳ್ಳಲಿಕ್ಕೆ ಕಂಬಿ ಇಲ್ಲ. ನೀರು ಅದ, ಬಕೆಟ್ ಇಲ್ಲ." ಎಲ್ಲ ಮುಗಿದ ಮೇಲೆ ಕೊನೆಯದಾಗಿ, "ಹೋಗೂಣು," ಎನ್ನುತ್ತಿದ್ದರು. ಆ ಒಂದು ಮಾತು ಬರುವ ತನಕ ಅತ್ತೆ ಸೀರೆಗೆ ಕೈ ಹಾಕುತ್ತಿರಲಿಲ್ಲ.

ನಾನು ಈ ಮನೆಗೆ ಬಂದದ್ದೂ ಹಾಗೆ ಬಂದ ಒಂದು "ಹೋಗೂಣು"ವಿನಿಂದಲೇ. ಆ ಕಥೆ ಹೇಳಿದರೆ ಈಗಲೂ ನನಗೆ ಮುಖ ಬಿಸಿಯಾಗುತ್ತದೆ. ನನ್ನ ತವರು ಸೊಲ್ಲಾಪುರ. ನಾಳೆ ಪುಣೆಯವರು ಕನ್ಯಾ ನೋಡಲು ಬರುತ್ತಾರೆ ಎನ್ನುವ ದಿನ ಮಧ್ಯಾಹ್ನ ನಾನು ತಲೆಗೆ ಎಣ್ಣೆ ಮೆತ್ತಿಕೊಂಡು, ಸೀರೆ ಮೇಲೆತ್ತಿ ಕಟ್ಟಿ, ಬಟ್ಟೆ ಒಗೆಯುತ್ತಿದ್ದೆ. ಸಫಾರಿ ಹಾಕಿದ ಒಬ್ಬರು ಬಾಗಿಲಲ್ಲಿ ನಿಂತು, "ನೀರು ಬರ್ತದೇನ್ರಿ?" ಎಂದರು. ನಳದ ಬಗ್ಗೆ ಅಪ್ಪ ಆರು ತಿಂಗಳಿಂದ ಅರ್ಜಿ ಕೊಟ್ಟಿದ್ದರು. ಕೊನೆಗೂ ಮುನಸಿಪಾಲ್ಟಿಯವರು ಬಂದರೆಂದು ನಾನು ಅವರನ್ನು ಸೀದಾ ಬಚ್ಚಲಿಗೆ ಕರೆದೊಯ್ದು ನಳ ತಿರುಗಿಸಿ ತೋರಿಸಿದೆ. "ನೋಡ್ರಿ, ಹಿಂಗ ಬರ್ತದ. ಇಷ್ಟರಾಗ ಐದು ಮಂದಿ ಜಳಕಾ ಹೆಂಗ ಮಾಡಬೇಕು? ನಿಮ್ಮ ಮನ್ಯಾಗ ಹಿಂಗ ಬಂದ್ರ ಸುಮ್ಮನಿರ್ತೀರೇನು?" ಎಂದು ತರಾಟೆಗೆ ತೆಗೆದುಕೊಂಡೆ. ಅವರು ಎಲ್ಲ ಕೇಳಿಸಿಕೊಂಡರು. ಮೆಟ್ಟಿಲು ನೋಡಿದರು. ಮಾಳಿಗೆ ನೋಡಿದರು. "ಆತವ್ವಾ, ನಾಳೆ ಬರ್ತೀವಿ," ಎಂದು ಹೋದರು.

ಮರುದಿನ ಅವಲಕ್ಕಿಯ ತಟ್ಟೆ ಹಿಡಿದು ಹೊರಗೆ ಬಂದರೆ, ಗಂಡಿನ ಪಕ್ಕದಲ್ಲಿ ಅದೇ ಸಫಾರಿ. ಅವರೋ ನನ್ನನ್ನು ಜನ್ಮದಲ್ಲಿ ಕಂಡಿಲ್ಲದವರಂತೆ ಗಂಭೀರವಾಗಿ ಅವಲಕ್ಕಿ ತಿಂದರು. ಹಿಂದಿನ ದಿನ ಅವರು ಮನೆಯಲ್ಲಿ ಕೊಟ್ಟ ವರದಿಯನ್ನು ಮದುವೆಯಾದ ಮೇಲೆ ನನ್ನವರು ಹೇಳಿದರು. "ನೀರು ಸಣ್ಣ ಅದ. ಪಾವಟಿಗಿ ಛಲೋ ಅದಾವ, ನಿಮ್ಮವ್ವಗ ತ್ರಾಸ ಆಗೂದಿಲ್ಲ. ಹುಡುಗಿ ಕೊರತಿ ಮೊದಲು ಹೇಳ್ತಾಳ. ಹೋಗೂಣು." ನನ್ನ ರೂಪ, ನನ್ನ ಬಿ.ಎ., ನಾನು ಹಾಡಬಹುದಾಗಿದ್ದ ಹಾಡು, ಯಾವುದಕ್ಕೂ ಬೆಲೆ ಬರಲಿಲ್ಲ. ನಳದ ಮುಂದೆ ಜಗಳ ತೆಗೆದದ್ದಕ್ಕೆ ನಾನು ಸೊಸೆಯಾದೆ.

ಆಮೇಲಿನದೆಲ್ಲ ನಾಚಿಕೆಗೇಡಿನ ಸರಣಿ. ನನ್ನ ಬಾಣಂತನಕ್ಕೆ ಮೊದಲು ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನುಗ್ಗಿ ವಾಚ್‌ಮನ್ ಕೈಯಲ್ಲಿ ಸಿಕ್ಕಿಬಿದ್ದರು. ದೌಂಡದಲ್ಲಿ ಸಂಬಂಧಿಕರ ಮದುವೆಗೆ ಹಿಂದಿನ ದಿನವೇ ಹೋಗಿ, ಮಂಗಲ ಕಾರ್ಯಾಲಯದ ಪಾಯಖಾನೆಗೆ ತಮ್ಮ ಬಾಟಲಿಯ ಫಿನಾಯಿಲ್ ಸುರಿದು ಬಂದರು. ಹೆಣ್ಣಿನವರು ಅದನ್ನು ಅವಮಾನವೆಂದು ತಿಳಿದು, ಊಟಕ್ಕೆ ಕೂತಾಗ ನಮ್ಮ ಪಂಕ್ತಿಗೆ ಹೋಳಿಗೆಯನ್ನೇ ತರಲಿಲ್ಲ. ಮಗಳ ಹತ್ತನೆಯ ತರಗತಿಯ ಪರೀಕ್ಷೆಗೆ ಮುಂಚೆ ಪರೀಕ್ಷಾ ಕೇಂದ್ರದ ಸಿಪಾಯಿಯನ್ನು ಹಿಂದಿಯಲ್ಲಿ ಮಾತಾಡಿಸಿ ಒಳಗೆ ಹೋಗಿ, ಅವಳ ನಂಬರಿದ್ದ ಬೆಂಚು ಅಲುಗಾಡುತ್ತದೆಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟು ಬಂದರು. ಮರುದಿನ ನಂಬರುಗಳೇ ಬದಲಾಗಿದ್ದವು. ಮಗಳು ಅಲುಗಾಡುವ ಇನ್ನೊಂದು ಬೆಂಚಿನಲ್ಲಿ ಕೂತು ಬರೆದಳು, ಆ ಭದ್ರ ಬೆಂಚು ಯಾವ ಪುಣ್ಯವಂತರ ಮಗುವಿಗೆ ಸಿಕ್ಕಿತೋ. "ಇರಲಿ, ಯಾರರೆ ಒಬ್ಬರು ನೆಟ್ಟಗ ಕೂತರಲ್ಲ," ಎಂದರು ಮಾವ. ಇಂಥವರ ಜೊತೆ ಜಗಳವಾಡುವುದು ಹೇಗೆ, ನೀವೇ ಹೇಳಿ.

ಅವರು ಹೋದಾಗ ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು. "ಅಲ್ಲೂ ಅಡ್ವಾನ್ಸ್ ಪಾರ್ಟಿ ಹೋಗ್ಯಾರ ಬಿಡ್ರಿ." ಪ್ರತಿಯೊಬ್ಬರೂ ಅದನ್ನು ತಾವೇ ಮೊದಲು ಹೇಳುತ್ತಿರುವವರಂತೆ ಹೇಳಿ, ಕಣ್ಣೊರೆಸಿಕೊಂಡು, ಚಹಾ ಕುಡಿದು ಹೋದರು. ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿಯಿತು. ಅತ್ತೆ ಮಾತ್ರ ಒಂದು ಸಲವೂ ಹೂಂ ಅನ್ನಲಿಲ್ಲ. ಕೊನೆಗೆ ಯಾರಿಗೋ ಹೇಳಿದರು, "ಅವರು ಹೋಗಿ ನೋಡಿ ತಿರುಗಿ ಬರ್ತಿದ್ದರು. ಬರಲಿಲ್ಲಂದ್ರ ಅದು ಬ್ಯಾರೆ."

ಆ ಮಾತು ನೆನಪಾಗಿ, ಬಿದ್ದ ಚೀಲವನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತೆಯ ಕೋಣೆಗೆ ಹೋದೆ. "ಹೊಸ್ತಿಲಾ ನೋಡ್ಲಿಕ್ಕೆ ನಿಮ್ಮ ಮಗ ಹೋದ್ರ ನಡೀತದೇನು?" ಎಂದೆ, ವ್ಯಂಗ್ಯವಾಗಿಯೇ. ಅತ್ತೆ ಚೀಲ ನೋಡಿದರು. ನೋಡಿ, ಇಷ್ಟು ವರ್ಷ ಹೇಳದ್ದನ್ನು ಹೇಳಿದರು. ಮದುವೆಯಾದ ಹೊಸತರಲ್ಲಿ ಮಾವನವರು ಅವರನ್ನು ಉತ್ತರದ ಒಂದು ಊರಿಗೆ ಕರೆಸಿಕೊಂಡರಂತೆ. ಕೋಣೆ ಸಿಕ್ಕಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಕರೆಸಿದ್ದು. ಸಿಕ್ಕಿರಲಿಲ್ಲ. ಆ ಚಳಿಯಲ್ಲಿ, ಮಾತು ಬಾರದ ಊರಿನಲ್ಲಿ, ಐದು ತಿಂಗಳ ಬಸುರಿ ಅತ್ತೆ ದಿನವಿಡೀ ಸ್ಟೇಶನ್ನಿನಲ್ಲಿ ಟ್ರಂಕಿನ ಮೇಲೆ ಕೂತಿದ್ದರು. ಬಚ್ಚಲು ಎಲ್ಲಿದೆ ಎಂದು ಯಾರನ್ನು ಕೇಳಬೇಕು ಎಂದೂ ತಿಳಿಯದೆ. "ಪಲಟಣಕ್ಕ ಎಲ್ಲಾ ನೋಡಿಡ್ತೀನಿ, ನಿನಗ ನೋಡಲಿಲ್ಲ ಅಂತ ಅತ್ತರು. ಗಂಡಸು ಮನಿಷ್ಯಾ ಸ್ಟೇಶನ್ನದಾಗ ಅತ್ತರು. ಅಂದಿನಿಂದ ನೋಡಲಾರದ ಜಾಗಾಕ್ಕ ನನ್ನ ಕರಕೊಂಡು ಹೋಗಿಲ್ಲ."

ಇದನ್ನು ಇಪ್ಪತ್ತು ವರ್ಷಗಳ ಹಿಂದೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಮೈಯುರಿಯಿತು. ಎಷ್ಟು ಜಗಳ ತಪ್ಪುತ್ತಿತ್ತು. ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದೆ.

ಆಸ್ಪತ್ರೆಯ ಬಾಗಿಲಲ್ಲಿ ಸೆಕ್ಯೂರಿಟಿಯವನು ತಡೆದ. "ಕೋಣಾಲಾ ಭೇಟಾಯಚಂಯ?" ಯಾರನ್ನು ಕಾಣಬೇಕು ಎಂದು ಕೇಳಿದರೆ ಏನು ಹೇಳಲಿ? ಯಾರನ್ನೂ ಇಲ್ಲ, ಪೇಶಂಟು ನಾಳೆ ಬರುತ್ತಾರೆ ಎಂದು ಮರಾಠಿಯಲ್ಲಿ ಹೇಳಿದೆ. ಅವನು ನನ್ನನ್ನೂ ಚೀಲವನ್ನೂ ನೋಡಿ, ಮೂಗು ಮುಚ್ಚಿ, ಸ್ವಚ್ಛತೆಯ ಕೆಲಸದವಳೆಂದು ತಿಳಿದು ಒಳಗೆ ಬಿಟ್ಟ. ಮೊದಲ ಸಲ ಆ ವಾಸನೆಯಿಂದ ಒಂದು ಉಪಕಾರವಾಯಿತು. ನಾನು ಅತ್ತೆಗೆಂದು ಹಿಡಿದಿದ್ದ ಕೋಣೆ ನೋಡಿದೆ. ಮಂಚ ಅಲುಗಿಸಿದೆ. ಬಚ್ಚಲಿನ ಹೊಸ್ತಿಲು ನಿಜವಾಗಿಯೂ ಎತ್ತರವಿತ್ತು. ಸಿಸ್ಟರ್ ಜೊತೆ ವಾದ ಮಾಡಿ ಹೊಸ್ತಿಲಿಲ್ಲದ ಪಕ್ಕದ ಖೋಲಿ ಗೊತ್ತುಮಾಡಿದೆ. ನನ್ನ ಧ್ವನಿ ನನಗೇ ಮಾವನವರದಂತೆ ಕೇಳಿಸಿ ಹೇಸಿಗೆಯಾಯಿತು.

ಮನೆಗೆ ಬಂದು ಕೈಕಾಲು ತೊಳೆದು ಅತ್ತೆಯ ಎದುರು ಕೂತೆ. "ಗಾದಿ ಗಟ್ಟಿ ಅದ. ಕಿಡಿಕಿ ಹೊರಗ ಜನರೇಟರ್ ಅದ, ಸಪ್ಪಳ ಭಾಳ. ಬಿಸಿನೀರು ತಡಾ ಮಾಡಿ ಬರ್ತದ. ಹೊಸ್ತಿಲಾ ಇಲ್ಲ. ಕಂಬಿ ಅದ."

"ಆಪರೇಷನ್ ಖೋಲಿ?"

"ಒಳಗ ಬಿಡಲಿಲ್ಲರಿ ಅತ್ಯಾರ."

ಅತ್ತೆ ಮೊಣಕಾಲಿನ ಮೇಲೆ ಕೈಯಿಟ್ಟು ತಿಕ್ಕತೊಡಗಿದರು. ಈಗ ಬೇಡ ಅನ್ನುತ್ತಾರೆ ಎಂದುಕೊಂಡೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬಾಗಲಾ ತನಕ ನೋಡೇನಿ," ಎಂದೆ. "ಬಾಗಲಾ ಹೊರಗ ಕೂಡಲಿಕ್ಕೆ ಒಂದು ಬಾಕ ಅದ. ನೀವು ಬರೂತನಕ ನಾ ಅಲ್ಲೇ ಕೂತಿರ್ತೀನಿ."

ಅತ್ತೆ ತಲೆ ಎತ್ತಿದರು. "ಬಾಕದ ಮ್ಯಾಲೆ ಫ್ಯಾನ್ ಅದನೋ ಇಲ್ಲೋ?"

ನಾನು ನೋಡಿರಲಿಲ್ಲ.

"ನೋಡ್ಕೊಂಡು ಬಾ. ಅಷ್ಟೊತ್ತು ಹೆಂಗ ಕೂಡ್ತಿ?"

ಮತ್ತೆ ಚಪ್ಪಲಿ ಮೆಟ್ಟಿದೆ. ಮತ್ತೆ ಮೂರು ಮಹಡಿ ಇಳಿದೆ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಮಾವನವರನ್ನು ಮನಸ್ಸಿನಲ್ಲೇ ಬೈದೆ. ಆಸ್ಪತ್ರೆಯಲ್ಲಿ ಬಾಕಿನ ಮೇಲೆ ಫ್ಯಾನ್ ಇತ್ತು. ಗುಂಡಿ ಒತ್ತಿದೆ, ಕಿರ್ರೆಂದು ತಿರುಗಿತು. ಗಾಳಿ ಕೆಳಗೆ ಬರುತ್ತದೆಯೇ ಎಂದು ನೋಡಲು ಅದರಡಿ ಕೂತೆ. ಎದುರಿಗೆ ಆ ಮುಚ್ಚಿದ ಬಾಗಿಲು. ನನಗೆ ಭಯವಾಯಿತು, ಅಳು ಬಂತು, ಯಾರೂ ನೋಡುವವರಿರಲಿಲ್ಲ. ಮಾವನವರು ಇಂಥ ಎಷ್ಟು ಬಾಕುಗಳ ಮೇಲೆ ಒಬ್ಬರೇ ಕೂತು ಹೆದರಿ, ಎದ್ದು, ಬಸ್ ಹಿಡಿದು, ನೆಟ್ಟಗೆ ಮುಖ ಮಾಡಿಕೊಂಡು ಮನೆಗೆ ಬಂದಿದ್ದರೋ. ಮುಖ ಒರೆಸಿಕೊಂಡು ಫ್ಯಾನ್ ಆರಿಸಿದೆ.

ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಅತ್ತೆ ದೀಪ ಹಾಕಿಕೊಂಡು ಕೂತಿದ್ದರು.

"ಫ್ಯಾನ್ ಅದ ರೀ. ಸಪ್ಪಳ ಮಾಡ್ತದ. ಗಾಳಿ ಬರ್ತದ."

ಅವರು ನನ್ನ ಮುಖವನ್ನೇ ನೋಡುತ್ತ ಕಾಯ್ದರು. ಇನ್ನೇನು ಹೇಳಲು ಉಳಿದಿದೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಚೀಲವನ್ನು ಗೂಟಕ್ಕೆ ಹಾಕಿದೆ.

"ಹೋಗೂಣ್ರಿ," ಎಂದೆ.

ಅತ್ತೆ ಮಂಚದ ತುದಿಗೆ ಸರಿದು, ಸೀರೆಗಳ ಕಪಾಟಿನ ಕಡೆ ಕೈ ಚಾಚಿದರು.